ಬೆಳಗಾವಿಯ ಒಇಟಿ ಕ್ಲಾಸ್: ಒಂದು ಪಾಠ ಭರ್ಜರಿ, ಉಳಿದದ್ದು ಅಷ್ಟಕ್ಕಷ್ಟೇ

ತಿಲಕವಾಡಿ ಕಡೆ ನರ್ಸ್‌ಗಳಿಗಂತಲೇ ಇಂಗ್ಲಿಷ್ ಕಲಿಸುವ ಒಂದು ಕ್ಲಾಸ್ ಇದೆ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಬೈಯುವುದೂ ಸ್ವಲ್ಪ ಇದೆ. ಒಇಟಿ ಅಂದರೆ ಹೊರದೇಶದಲ್ಲಿ ಕೆಲಸಕ್ಕೆ ಹೋಗುವ ಡಾಕ್ಟರ್, ನರ್ಸ್‌ಗಳು ಬರೆಯುವ ಇಂಗ್ಲಿಷ್ ಪರೀಕ್ಷೆ. ಬೆಳಗಾವಿಯಲ್ಲಿ ನರ್ಸಿಂಗ್ ಕಾಲೇಜುಗಳಿಗೇನು ಬರವಿಲ್ಲ, ಓದು ಮುಗಿದ ಮೇಲೆ ಇಂಗ್ಲೆಂಡ್, ಆಸ್ಟ್ರೇಲಿಯಾ ಅನ್ನುವವರಿಗೂ ಬರವಿಲ್ಲ. ಸೇರಬೇಕಾ ಬೇಡವಾ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಡ್ಯೂಟಿ ಮುಗಿಸಿ ಸಂಜೆ ಬ್ಯಾಚಿಗೆ ಹೋಗಿ ಬಂದವಳಾಗಿ ಹೇಳುತ್ತೇನೆ.

ಮೊದಲು ಒಳ್ಳೆಯದು. ಅಲ್ಲೊಬ್ಬರು ಮೇಡಂ ಇದ್ದಾರೆ. ತುರ್ತು ಹೊತ್ತಿನ ಇಂಗ್ಲಿಷ್ ಮಾತುಗಳ ಬಗ್ಗೆ ಅವರು ಮಾಡುವ ಪಾಠ ಒಂದಕ್ಕೇ ಅರ್ಧ ಫೀ ವಸೂಲಾಗುತ್ತದೆ. ನಮ್ಮ ವಾರ್ಡುಗಳಲ್ಲಿ ಏನಾಗುತ್ತದೆ ಗೊತ್ತಲ್ವಾ? 'ಪೇಷಂಟ್ ಸೀರಿಯಸ್ ಅದಾರ್ರೀ' ಅಂದರೆ ಮುಗಿಯಿತು. ಬಿಪಿ ಸ್ವಲ್ಪ ಇಳಿದರೂ ಸೀರಿಯಸ್, ವೆಂಟಿಲೇಟರ್ ಮೇಲಿದ್ದರೂ ಸೀರಿಯಸ್. ಇನ್ನು ಅರ್ಜೆಂಟ್ ಅಂತೂ ಝೆರಾಕ್ಸ್ ಅಂಗಡಿಯಿಂದ ಆಪರೇಷನ್ ಥಿಯೇಟರ್ ತನಕ ಎಲ್ಲ ಕಡೆ ಓಡಾಡುತ್ತದೆ. ಎಮರ್ಜೆನ್ಸಿಗೂ ಅರ್ಜೆಂಟಿಗೂ ನಾವು ಫರಕೇ ಮಾಡುವುದಿಲ್ಲ.

ಮೇಡಂ ಬಂದವರೇ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಐದು ಚೀಟಿ ಹಂಚಿದರು. ಒಂದರಲ್ಲಿ ಎದೆನೋವು, ಮೈಯೆಲ್ಲ ಬೆವರು. ಇನ್ನೊಂದರಲ್ಲಿ ಪಾದ ಉಳುಕಿದವನು. ಮತ್ತೊಂದರಲ್ಲಿ ಡ್ರೆಸ್ಸಿಂಗ್ ಬದಲಿಸಲು ಬಂದ ಅಜ್ಜಿ. ಹೀಗೆ. ಯಾರನ್ನು ಮೊದಲು ನೋಡಬೇಕೋ ಆ ಲೆಕ್ಕದಲ್ಲಿ ಗೋಡೆಗೆ ಸಾಲಾಗಿ ನಿಲ್ಲಿ ಅಂದರು. ಎದೆನೋವಿನ ಚೀಟಿ ಹಿಡಿದ ಖಾನಾಪುರದ ಹುಡುಗಿ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಗೋಕಾಕದ ಹುಡುಗ ಬಂದು, 'ಅಕ್ಕಾರ, ಸ್ವಲ್ಪ ಹಿಂದ ಸರೀರಿ, ನನ್ನ ಪೇಷಂಟಗ ಉಸಿರೇ ಇಲ್ಲ' ಅಂದ. ಕ್ಲಾಸ್ ಪೂರ್ತಿ ನಕ್ಕಿತು, ಆದರೆ ಸಾಲು ಸರಿಯಾಯಿತು.

ಆಮೇಲೆ ಆ ಸಾಲಿಗೆ ಆಸ್ಟ್ರೇಲಿಯಾದ ಆಸ್ಪತ್ರೆಗಳು ಇಟ್ಟಿರುವ ಹೆಸರು ಹೇಳಿದರು. ಮೊದಲನೆಯದು ರಿಸಸಿಟೇಶನ್, ಅಂದರೆ ಹೋಗುತ್ತಿರುವ ಜೀವ ಹಿಡಿದು ನಿಲ್ಲಿಸುವುದು, ತಕ್ಷಣ ನೋಡಬೇಕು. ಎರಡನೆಯದು ಎಮರ್ಜೆನ್ಸಿ, 10 ನಿಮಿಷದೊಳಗೆ. ಮೂರನೆಯದು ಅರ್ಜೆಂಟ್, 30 ನಿಮಿಷ. ನಾಲ್ಕನೆಯದು ಸೆಮಿ-ಅರ್ಜೆಂಟ್, 60. ಕೊನೆಯದು ನಾನ್-ಅರ್ಜೆಂಟ್, 120 ನಿಮಿಷ. ಅಂದರೆ ನಾವು ಕಿರುಚಿ ಹೇಳುವ ಅರ್ಜೆಂಟ್ ಅಲ್ಲಿ ಮೂರನೇ ಪಾಳಿ, ಅರ್ಧ ಗಂಟೆ ಕೂರಬೇಕು! ಬ್ರಿಟನ್ನಿನಲ್ಲೂ ಹಾಗೇ. ಜೀವಕ್ಕೆ ಅಪಾಯ ಅಂದರೆ 999ಕ್ಕೆ ಫೋನ್, ಅರ್ಜೆಂಟ್ ಆದರೆ ಜೀವಕ್ಕೇನೂ ಇಲ್ಲ ಅಂದರೆ 111. ಅಮೆರಿಕದಲ್ಲಿ ಅರ್ಜೆಂಟ್ ಕೇರ್ ಅಂತ ಬೋರ್ಡ್ ಹಾಕಿಕೊಂಡ ಕ್ಲಿನಿಕ್‌ಗೆ ಜ್ವರ, ಉಳುಕು ಅಂತ ಹೋಗುತ್ತಾರೆ, ಹಾರ್ಟ್ ಅಟ್ಯಾಕ್ ಅಂತ ಅಲ್ಲ.

ಇಷ್ಟರಲ್ಲೇ ನಿಲ್ಲಿಸಿದ್ದರೂ ಸಾಕಿತ್ತು. ಅವರು ವಿಮಾನದ ಕಥೆ ತೆಗೆದರು. 1990ರ ಜನವರಿ 25, ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಹೊರಟ ಏವಿಯಾಂಕಾ 52. ಹವಾಮಾನ ಕೆಟ್ಟು ಇಳಿಯಲು ಜಾಗ ಸಿಗದೆ ಮೇಲೆಯೇ ಸುತ್ತು ಹಾಕಿ ಹಾಕಿ ಇಂಧನ ಮುಗಿಯುತ್ತ ಬಂತು. ಪೈಲಟ್‌ಗಳು ಪ್ರಯಾರಿಟಿ ಬೇಕು ಅಂದರು, ಇಂಧನ ಮುಗಿಯುತ್ತಿದೆ ಅಂತಲೂ ಅಂದರು. ಎಮರ್ಜೆನ್ಸಿ ಅನ್ನುವ ಒಂದು ಮಾತು ಮಾತ್ರ ಕಂಟ್ರೋಲ್‌ನವರ ಕಿವಿಗೆ ಕೊನೆಗೂ ಬೀಳಲಿಲ್ಲ. ಲಾಂಗ್ ಐಲ್ಯಾಂಡಿನಲ್ಲಿ ವಿಮಾನ ಬಿತ್ತು, 73 ಜನ ಹೋದರು. ರೇಡಿಯೋದಲ್ಲಿ ಇದಕ್ಕೆಲ್ಲ ಕಟ್ಟುನಿಟ್ಟು ಇದೆ. ಜೀವಕ್ಕೇ ಕುತ್ತು ಬಂದಿದ್ದರೆ ಮೇಡೇ, ತೊಂದರೆ ಇದೆ ಆದರೆ ಆ ಮಟ್ಟಕ್ಕೆ ಹೋಗಿಲ್ಲ ಅಂದರೆ ಪ್ಯಾನ್-ಪ್ಯಾನ್. ಮೂರು ಮೂರು ಸಲ ಹೇಳಬೇಕು. ಸಾಂಬ್ರಾದಲ್ಲಿ ಇಳಿಯುವ ವಿಮಾನಕ್ಕೂ ಇದೇ ನಿಯಮ.

ಹವಾಮಾನ ಇಲಾಖೆಯ ಬಣ್ಣಗಳೂ ಪಾಠದಲ್ಲಿ ಬಂದವು. ಹಳದಿಗೆ ವಾಚ್, ಕಿತ್ತಳೆಗೆ ಅಲರ್ಟ್, ಕೆಂಪಿಗೆ ವಾರ್ನಿಂಗ್. ಟಿವಿಯವರು ಬಾಯಿ ತೆರೆದರೆ ರೆಡ್ ಅಲರ್ಟ್ ಅನ್ನುತ್ತಾರೆ, ಆ ಪಟ್ಟಿಯಲ್ಲಿ ಅಲರ್ಟ್ ಇರುವುದು ಕೆಂಪಿಗಿಂತ ಒಂದು ಮೆಟ್ಟಿಲು ಕೆಳಗೆ. ಚಿಕ್ಕೋಡಿ ಕಡೆಯಿಂದ ಬರುತ್ತಿದ್ದವರು ಇದನ್ನು ಗಮನ ಕೊಟ್ಟು ಕೇಳಿದರು. 2019ರ ಕೃಷ್ಣೆ ನೆರೆ ನೋಡಿದವರು ಅವರು.

ಪತ್ರ ಬರೆಸುವುದರಲ್ಲೂ ಮೇಡಂ ಗಟ್ಟಿ. ಒಇಟಿಯಲ್ಲಿ ರೋಗಿಯನ್ನು ಬೇರೆಯವರ ಆರೈಕೆಗೆ ಒಪ್ಪಿಸುವಂಥ ಪತ್ರ ಬರೆಯಬೇಕು, ಅದಕ್ಕೆ 45 ನಿಮಿಷ, ಅದರಲ್ಲಿ ಮೊದಲ 5 ನಿಮಿಷ ಓದುವುದಕ್ಕಷ್ಟೇ. ನಾವೆಲ್ಲ ವೆರಿ ವೆರಿ ಅರ್ಜೆಂಟ್, ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂತ ಬರೆದುಕೊಟ್ಟಿದ್ದೆವು. ಕೆಂಪು ಪೆನ್ನಲ್ಲಿ ಪೂರ್ತಿ ಹೊಡೆದು ಹಾಕಿದರು. ಅರ್ಜೆಂಟ್ ಅನ್ನುವುದು ಒಂದೇ ಸಲ, ಮೊದಲ ಪ್ಯಾರಾದಲ್ಲೇ ಬರಲಿ, ಉಳಿದದ್ದನ್ನು ಬಿಪಿ, ಪಲ್ಸ್, ಆಕ್ಸಿಜನ್ ಅಂಕಿಗಳೇ ಹೇಳುತ್ತವೆ ಅಂದರು. ನನಗೆ ಬಹಳ ಹಿಡಿಸಿದ ಮಾತು.

ಈಗ ಬೈಗುಳ. ಇವರು ಅಚ್ಚು ಹಾಕಿಸಿ ಕೊಡುವ ನೋಟ್ಸ್ ನೋಡಿದರೆ ಅದೇ ಸಂಸ್ಥೆಯದ್ದಾ ಅಂತ ಡೌಟು ಬರುತ್ತದೆ. ಅಕ್ಯೂಟ್ ಅಂದರೆ ತೀವ್ರ, ಸಿವಿಯರ್ ಅಂದರೆ ತೀವ್ರ, ಕ್ರಿಟಿಕಲ್ ಅಂದರೂ ತೀವ್ರ. ಸುಮ್ನೆ ಪುಟ ತುಂಬಿಸಿದ್ದಾರೆ. ಅಕ್ಯೂಟ್ ಅನ್ನುವುದು ಕಾಯಿಲೆ ಥಟ್ಟನೆ ಶುರುವಾಗಿದೆ ಅಂತ ಹೇಳುತ್ತದೆ, ಎಷ್ಟು ಜೋರು ಅಂತ ಅಲ್ಲ. ನೆಗಡಿಯೂ ಅಕ್ಯೂಟ್. ಜೋರು ಹೇಳುವುದು ಸಿವಿಯರ್. ವರ್ಷಗಟ್ಟಲೆಯ ಮಂಡಿನೋವು ಅಕ್ಯೂಟ್ ಅಲ್ಲ, ಸಿವಿಯರ್ ಆಗಿರಬಹುದು. ಇದನ್ನೇ ತಪ್ಪು ಕಲಿತು ಹೋದರೆ ಡ್ಯೂಟಿ ಮುಗಿಸಿ ಮುಂದಿನವರಿಗೆ ರೋಗಿಯ ಹ್ಯಾಂಡೋವರ್ ಕೊಡುವಾಗ ಎದುರಿಗಿರುವ ಸಿಸ್ಟರ್ ಏನು ತಿಳಿದುಕೊಳ್ಳಬೇಕು?

ಇನ್ನೊಂದು ಕಡೆ ಮಾದರಿ ವಾಕ್ಯ ಅಂತ 'ಕ್ರಿಟಿಕಲ್ ಬಟ್ ಸ್ಟೇಬಲ್' ಕೊಟ್ಟಿದ್ದಾರೆ. ಪೇಪರಿನಲ್ಲಿ ದಿನಾ ಓದುತ್ತೇವೆ, ನಿಜ. ಆದರೆ ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಶನ್ ಪ್ರಕಾರ ನಾಡಿ, ಬಿಪಿ ಏರುಪೇರಾಗಿರುವ ರೋಗಿಯೇ ಕ್ರಿಟಿಕಲ್. ಅಂಥವರಿಗೆ ಸ್ಟೇಬಲ್ ಅಂತ ಬಾಲ ಹಚ್ಚಬೇಡಿ ಅಂತಲೂ ಅವರೇ ಹೇಳುತ್ತಾರೆ. ಮೇಡಂಗೆ ತೋರಿಸಿದೆ. 'ನೋಟ್ಸ್ ನಂದಲ್ಲ ರೀ' ಅಂದರು, ಅಷ್ಟೇ.

ಲಿಸನಿಂಗ್ ಪ್ರಾಕ್ಟೀಸ್ ಒಂದು ಹಳೇ ಸ್ಪೀಕರಿನಲ್ಲಿ ನಡೆಯುತ್ತದೆ, ಹಿಂದಿನ ಬೆಂಚಿಗೆ ಗೊರಗೊರ ಬಿಟ್ಟರೆ ಏನೂ ಕೇಳಿಸುವುದಿಲ್ಲ. ರೀಡಿಂಗ್ ತೆಗೆದುಕೊಳ್ಳುವ ಸರ್ ಪಿಡಿಎಫ್ ತೆರೆದು ಓದುತ್ತಾರೆ, ಅದನ್ನು ನಾವು ಮನೆಯಲ್ಲೂ ಓದಬಹುದು. ಸ್ಪೀಕಿಂಗ್ ಪರವಾಗಿಲ್ಲ, ಬ್ಯಾಚ್ ದೊಡ್ಡದಾದಾಗ ಪಾಳಿ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಫೀ ಒಂದೇ ಕಂತು, ವಾಪಸ್ ಇಲ್ಲ. ರೈಲ್ವೆ ಗೇಟ್ ಬಿದ್ದರೆ ಲೇಟ್ ಆಗುವುದು ಖಾತ್ರಿ, ಸಿಬಿಟಿ ಬಸ್ ಸ್ಟ್ಯಾಂಡಿನಿಂದ ಬರುವವರು ಸ್ವಲ್ಪ ಬೇಗ ಹೊರಡಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಎರಡೂವರೆ ಮೇಡಂದು. ದುಡ್ಡು ಕಟ್ಟುವ ಮೊದಲು ನಿಮ್ಮ ಬ್ಯಾಚಿಗೆ ಅವರೇ ಬರುತ್ತಾರಾ ಅಂತ ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ. 'ನೋಡೋಣ ರೀ' ಅಂದರೆ ಮುಂದಿನ ಬ್ಯಾಚಿಗೆ ಕಾಯಿರಿ. ನೋಟ್ಸಿಗೆ ಬೇರೆ ದುಡ್ಡು ಕೇಳಿದರೆ ಮಾತ್ರ ಬೇಡ ಅನ್ನಿ.