ಹಾಸ್ಟೆಲ್‌ನಲ್ಲಿ ಉಳಿದ ಊಟ ಸಾಗಿಸಲು 20 ಲೀಟರ್ ಸ್ಟೀಲ್ ಹಾಟ್ ಬಾಕ್ಸ್: ಕೊಡಗಿನ ಮಟ್ಟಿಗೆ ಹೇಗಿದೆ?

ಹಾಟ್ ಬಾಕ್ಸ್ ಊಟವನ್ನು ಬಿಸಿ ಮಾಡುವುದಿಲ್ಲ. ಒಳಗೆ ಹಾಕುವಾಗ ಎಷ್ಟು ಬಿಸಿ ಇತ್ತೋ ಅದನ್ನು ಹಿಡಿದಿಡುತ್ತದೆ, ಅಷ್ಟೇ. 80 ಡಿಗ್ರಿಯ ಅನ್ನ ತುಂಬಿದರೆ ತಲುಪುವ ಹೊತ್ತಿಗೂ ಬಿಸಿಯೂಟ. ಉಗುರುಬೆಚ್ಚಗಿನ ಅನ್ನ ತುಂಬಿ ಮುಚ್ಚಿದರೆ ಅದೇ ಡಬ್ಬಿ ರೋಗಾಣು ಬೆಳೆಸುವ ಗೂಡು. ಕಾಲೇಜು ಹಾಸ್ಟೆಲ್ ಮೆಸ್‌ನಲ್ಲಿ ಮಿಕ್ಕಿದ್ದನ್ನು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ, ಆದಿವಾಸಿಗಳ ಹಾಡಿಗಳಿಗೆ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ತಲುಪಿಸುವ ಗುಂಪುಗಳು ಡಬ್ಬಿ ಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು. ಹಾಗೆ ತಿಳಿದು ಬಳಸುವವರಿಗೆ ಈ ಡಬ್ಬಿ ಕೊಟ್ಟ ಹಣಕ್ಕೆ ಮೋಸವಿಲ್ಲ.

ಎರಡು ಪದರ ಸ್ಟೀಲ್, ನಡುವೆ ಶಾಖ ತಡೆಯುವ ಪಫ್ ಫೋಮ್, ಮುಚ್ಚಳಕ್ಕೆ ಸಿಲಿಕೋನ್ ವಾಷರ್, ಸುತ್ತ ನಾಲ್ಕು ಕ್ಲಿಪ್, ಮುಚ್ಚಳದ ನಡುವೆ ಆವಿ ಬಿಡುವ ಸಣ್ಣ ಬಿರಡೆ. ಇಷ್ಟೇ ಇದರ ರಚನೆ. ಥರ್ಮೋಕೋಲ್ ಪೆಟ್ಟಿಗೆ ಅಗ್ಗ, ಆದರೆ ಸಾಂಬಾರು ಹೀರಿಕೊಂಡು ಎಷ್ಟು ತೊಳೆದರೂ ಶುದ್ಧವಾಗುವುದಿಲ್ಲ. ಒಂದೇ ಪದರದ ಹಾಲಿನ ಕ್ಯಾನು ಊರೊಳಗಿನ ಹತ್ತು ಹದಿನೈದು ನಿಮಿಷದ ದಾರಿಗೆ ಸಾಕು. ಮಳೆಯಲ್ಲಿ ಮಡಿಕೇರಿಯಿಂದ ವಿರಾಜಪೇಟೆ ಕಡೆಗೆ ಹೊರಟರೆ ಸಾಲದು. ಕ್ಲಿಪ್ ಪ್ಲಾಸ್ಟಿಕ್‌ನದ್ದಾಗಿದ್ದರೆ ಕೊಳ್ಳಬೇಡಿ. ಜೀಪಿನ ಹಿಂಬದಿಯಲ್ಲಿ ತಿರುವು ತಿರುವಿಗೂ ಡಬ್ಬಿ ಜಾರುತ್ತದೆ, ಮೊದಲು ಮುರಿಯುವುದು ಅದೇ.

ತಂದ ದಿನವೇ ಪರೀಕ್ಷೆ ಮಾಡಿ. 85 ಡಿಗ್ರಿಯ ನೀರು ಮುಕ್ಕಾಲಿಗಿಂತ ಮೇಲೆ ತುಂಬಿ, ಮುಚ್ಚಿ, ಮೂರು ಗಂಟೆ ಮುಟ್ಟಬೇಡಿ. ತೆರೆದಾಗ 65ಕ್ಕಿಂತ ಕೆಳಗಿದ್ದರೆ ಅಂಗಡಿಗೆ ವಾಪಸ್ ಕೊಡಿ. ಇದಕ್ಕೆ ಊಟದೊಳಗೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಬೇಕು. ಅದಿಲ್ಲದೆ ಈ ಡಬ್ಬಿಯನ್ನೇ ಕೊಳ್ಳಬೇಡಿ. ಬೆರಳು ಅದ್ದಿ ಅಂದಾಜು ಮಾಡುವ ಭಟ್ಟರ ಅನುಭವದ ಮೇಲೆ ಗೌರವವಿದೆ. ಆದರೆ 50 ಡಿಗ್ರಿಗೇ ಬೆರಳು ಸುಡುತ್ತದೆ, ಊಟಕ್ಕೆ ಬೇಕಾದದ್ದು ಕನಿಷ್ಠ 60. ಥರ್ಮಾಮೀಟರ್ ಸರಿಯಿದೆಯೇ ಎಂದು ಕುದಿಯುವ ನೀರಲ್ಲಿ ನೋಡುವವರು ಗಮನಿಸಿ: ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು ಕುದಿಯುವುದೇ 96 ಡಿಗ್ರಿಯ ಆಸುಪಾಸಿನಲ್ಲಿ. 100 ತೋರಿಸಲಿಲ್ಲ ಎಂದು ಒಳ್ಳೆಯ ಥರ್ಮಾಮೀಟರ್ ಎಸೆಯಬೇಡಿ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿ ಅದ್ದಿ, ಸೊನ್ನೆ ಬರಬೇಕು.

ತುಂಬುವ ಕ್ರಮಕ್ಕೆ ಬರೋಣ. ಊಟ ಹಾಕುವ ಹತ್ತು ನಿಮಿಷ ಮೊದಲು ಕುದಿಯುವ ನೀರು ಹಾಕಿ ಡಬ್ಬಿಯ ಒಳಗೋಡೆ ಕಾಯಿಸಿ, ಚೆಲ್ಲಿ. ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಉಳಿದದ್ದನ್ನು ಮಾತ್ರ ತೆಗೆದುಕೊಳ್ಳಿ. ಬಡಿಸುವ ಕೌಂಟರಿಗೆ ಬಂದು ಹತ್ತಾರು ಸೌಟು ಬಿದ್ದದ್ದು ಬೇಡ, ತಟ್ಟೆಯಲ್ಲಿ ಮಿಕ್ಕಿದ್ದರ ಮಾತೇ ಇಲ್ಲ. ಸಾಂಬಾರನ್ನು ಕುದಿಸಿ ತುಂಬಿ. ಅನ್ನವನ್ನು ಬಾಣಲೆಯಲ್ಲಿ ಬಿಸಿ ಮಾಡಿದರೆ ತಳ ಹತ್ತಿ ನಡು ತಣ್ಣಗೆ ಉಳಿಯುತ್ತದೆ. ನೀರು ಚಿಮುಕಿಸಿ ಆವಿಯಲ್ಲಿಟ್ಟು, ನಡುಭಾಗ 75 ಮುಟ್ಟಿದ ಮೇಲೆ ತುಂಬಿ. ಅರ್ಧ ತುಂಬಿದ ಡಬ್ಬಿ ಬೇಗ ಆರುತ್ತದೆ, ಆದ್ದರಿಂದ ಊಟ ಕಡಿಮೆಯಿದ್ದರೆ 10 ಲೀಟರಿನದ್ದು ಒಯ್ಯಿರಿ. 20 ಲೀಟರಿನಲ್ಲಿ ಹದಿನಾಲ್ಕು ಕಿಲೋ ಅನ್ನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ, ತಲೆಗೆ 350 ಗ್ರಾಂನಂತೆ ನಲವತ್ತು ಜನಕ್ಕಾಯಿತು. ತೋಟದಲ್ಲಿ ದುಡಿದು ಬಂದವರಿಗೆ ಇದಕ್ಕಿಂತ ಕಡಿಮೆ ಲೆಕ್ಕ ಹಾಕಬಾರದು.

ಅನ್ನದ ವಿಷಯದಲ್ಲಿ ಇಷ್ಟು ಹಟ ಯಾಕೆಂದರೆ, ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಅಂದರೆ ಬೀಜದಂಥ ಗಟ್ಟಿ ಕಣಗಳು, ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತರೆ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಲೆಯಿಳಿದು ಆರಿದ ಅನ್ನವನ್ನು ಕೇಳಲೂ ಹೋಗಬೇಡಿ. ಕಾಯಿಚಟ್ನಿ, ಮೊಸರನ್ನ, ಹೆಚ್ಚಿದ ಹಣ್ಣು ಈ ಡಬ್ಬಿಗೆ ಸಲ್ಲದವು. ಚಪಾತಿ, ಅಕ್ಕಿರೊಟ್ಟಿಯನ್ನೂ ಹಾಕಬೇಡಿ, ಆವಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತವೆ. ಬಟ್ಟೆ ಹಾಸಿದ ಬುಟ್ಟಿಯೇ ಲೇಸು. ಅನ್ನದ ಮೇಲೆ ತೊಳೆದ ಬಾಳೆಎಲೆ ಮುಚ್ಚಿದರೆ ಮುಚ್ಚಳದಿಂದ ತೊಟ್ಟಿಕ್ಕುವ ನೀರು ಮೇಲ್ಪದರವನ್ನು ಗಂಜಿ ಮಾಡುವುದಿಲ್ಲ.

ಡಬ್ಬಿಯ ಕೊರತೆ ಇರುವುದು ವಾಷರಿನಲ್ಲಿ. ಅದರ ಮಡಿಕೆಯೊಳಗೆ ಒಂದು ಅಗುಳು ಸಿಕ್ಕಿಕೊಂಡರೂ ಸಾಕು, ಅಲ್ಲೇ ಎಳೆಯಷ್ಟು ಸಂದು ಬಿಟ್ಟು ಆವಿ ಸೋರುತ್ತದೆ, ಹೊರಗೋಡೆಯ ಮೇಲೆ ಸಾಂಬಾರಿನ ಹಳದಿ ಗೆರೆ ಇಳಿಯುತ್ತದೆ. ಮಳೆಗಾಲದಲ್ಲಿ ತೊಳೆದು ಹಾಗೇ ಮುಚ್ಚಿಟ್ಟರೆ ಮೂರನೇ ದಿನಕ್ಕೆ ವಾಷರಿನ ಒಳಬದಿಯಲ್ಲಿ ಕಪ್ಪು ಚುಕ್ಕೆಯ ಬೂಷ್ಟು. ಪ್ರತಿ ಸಲ ವಾಷರ್ ಕಿತ್ತು, ಸೋಪಿನಲ್ಲಿ ಉಜ್ಜಿ, ಒಲೆಯ ಹತ್ತಿರ ಒಣಗಿಸಿ, ಮುಚ್ಚಳ ತೆರೆದೇ ಡಬ್ಬಿಯನ್ನು ಕವುಚಿಡಿ. ಹೆಚ್ಚುವರಿ ವಾಷರ್ ಎರಡು, ಬಿರಡೆ ಎರಡು ಜೊತೆಗೇ ಕೊಳ್ಳಿ. ಒಳಗಿನ ಗಾಳಿ ತಣಿದಂತೆ ಮುಚ್ಚಳ ಕಚ್ಚಿ ಹಿಡಿಯುತ್ತದೆ. ಬಿರಡೆ ಎತ್ತಿದ ಮೇಲೆಯೇ ಕ್ಲಿಪ್ ಬಿಚ್ಚಬೇಕು. ಬಲವಂತವಾಗಿ ಎಳೆದರೆ ಬಿಸಿ ಸಾಂಬಾರು ಕೈಮೇಲೆ.

ರಾತ್ರಿ ಒಂಬತ್ತೂವರೆಗೆ ಉಳಿಯುವ ಊಟಕ್ಕೆ ಹಾಟ್ ಬಾಕ್ಸ್ ಉತ್ತರವಲ್ಲ. ತಿತಿಮತಿ, ಪೊನ್ನಂಪೇಟೆ ಕಡೆ ಆ ಹೊತ್ತಿಗೆ ರಸ್ತೆಗೆ ಆನೆ ಇಳಿಯುತ್ತದೆ, ಯಾರನ್ನೂ ಕಳಿಸಬಾರದು. ಎರಡಿಂಚು ಆಳದ ತಟ್ಟೆಗಳಲ್ಲಿ ಹರಡಿ, ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಸಿ, ಫ್ರಿಜ್ಜಿಗಿಟ್ಟು ಇನ್ನು ನಾಲ್ಕು ಗಂಟೆಯೊಳಗೆ 5ಕ್ಕೆ ತಂದರೆ ಬೆಳಿಗ್ಗೆ ಕಾಯಿಸಿ ಒಯ್ಯಬಹುದು. ಕರೆಂಟು ಹೋಗಿ ನಾಲ್ಕು ಗಂಟೆ ದಾಟಿದರೆ ಅದೂ ಇಲ್ಲ. ಇಂಥ ರಾತ್ರಿ ಮೆಸ್‌ನವರಿಗೆ ಅಕ್ಕಿ ಕಡಿಮೆ ಹಾಕಲು ಹೇಳುವುದೇ ದೊಡ್ಡ ದಾನ.

ಹೆಚ್ಚುವರಿ ಆಹಾರ ಹಂಚಿಕೆಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ಪ್ರತ್ಯೇಕ ನಿಯಮ ಹೊರಡಿಸಿದೆ. ನಿತ್ಯ ಹಂಚುವ ಗುಂಪು ನೋಂದಣಿ ಮಾಡಿಸಿಕೊಳ್ಳಬೇಕು, ಲೆಕ್ಕ ಬರೆದಿಡಬೇಕು. ಡಬ್ಬಿಯ ಮೇಲೆ ಚೀಟಿ ಅಂಟಿಸಿ: ಏನು ಅಡುಗೆ, ವೆಜ್ಜೋ ನಾನ್‌ವೆಜ್ಜೋ, ಯಾವ ಮಾಂಸ, ಎಷ್ಟು ಗಂಟೆಗೆ ಬೆಂದದ್ದು, ತುಂಬುವಾಗ ಎಷ್ಟು ಡಿಗ್ರಿ. ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ, ಹಂದಿ ಮಾಂಸ ಮುಟ್ಟದವರಿದ್ದಾರೆ. ಓದಲು ಬಾರದವರಿಗೆ ಬಡಿಸುವ ಮೊದಲು ಬಾಯಲ್ಲೇ ಹೇಳಿ. ಬಡಿಸಿ ಮಿಕ್ಕಿದ್ದನ್ನು ಡಬ್ಬಿಯಲ್ಲಿ ವಾಪಸ್ ತರಬೇಡಿ, ನಾಳೆಗೆ ಇಟ್ಟುಕೊಳ್ಳಿ ಎಂದು ಅಲ್ಲಿ ಬಿಟ್ಟು ಬರಲೂಬೇಡಿ.