ಲಿನಕ್ಸ್‌ನಲ್ಲಿ ಡ್ರಾಯಿಂಗ್ ಟ್ಯಾಬ್ಲೆಟ್: ಎರಡು ವರ್ಷ ಬಳಸಿದ ಮೇಲೆ

ಪರದೆ ಇಲ್ಲದ, ಹತ್ತು ಇಂಚು ಅಗಲ ಆರು ಇಂಚು ಎತ್ತರದ ಟ್ಯಾಬ್ಲೆಟ್ ಇದು. ಪೆನ್ನಿಗೆ ಬ್ಯಾಟರಿ ಇಲ್ಲ, ಚಾರ್ಜ್ ಮಾಡುವ ತಲೆನೋವೂ ಇಲ್ಲ. ಒತ್ತಡದ 8192 ಹಂತಗಳನ್ನು ಗುರುತಿಸುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದೆ. ಮಕ್ಕಳ ಕಥೆಗಳಿಗೆ ಚಿತ್ರ ಬಿಡಿಸಲು, ಶೀರ್ಷಿಕೆಗಳನ್ನು ಕೈಬರಹದಲ್ಲೇ ಮಾಡಲು ತೆಗೆದುಕೊಂಡೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಇರುವುದು ಲಿನಕ್ಸ್ ಮಿಂಟ್. ಟ್ಯಾಬ್ಲೆಟ್‌ಗೆ ಧಾರಾಳವಾಗಿ ಅಂಕ ಕೊಡುತ್ತೇನೆ. ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್‌ಗೆ (ಟ್ಯಾಬ್ಲೆಟ್ಟಿನ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶಕ್ಕೆ) ಮಾತ್ರ ಕೊಡಲಾರೆ.

ಯುಎಸ್‌ಬಿ ಸಿಕ್ಕಿಸಿದ ಕೂಡಲೇ ಕರ್ಸರ್ ಓಡಾಡಿತು. ಚಿತ್ರ ಬಿಡಿಸುವ ತಂತ್ರಾಂಶ ಕ್ರಿಟಾ ತೆರೆದು ‘ಶ್ರೀ’ ಬರೆದರೆ ಗೆರೆ ಎಲ್ಲ ಕಡೆ ಒಂದೇ ದಪ್ಪ. ಎಷ್ಟು ಒತ್ತಿದರೂ ಅಷ್ಟೇ, ಹಗುರವಾಗಿ ತಾಗಿಸಿದರೂ ಅಷ್ಟೇ. ಅಂದರೆ ಪೆನ್ನನ್ನು ಕಂಪ್ಯೂಟರ್ ಬರೀ ಮೌಸ್ ಅಂತ ತಿಳಿದುಕೊಂಡಿತ್ತು. ಹೊಸಬರು ತುಂಬ ಜನ ಇಲ್ಲೇ ಕೈಚೆಲ್ಲುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಾಕಮ್ ಕಂಪನಿಯ ಟ್ಯಾಬ್ಲೆಟ್‌ಗಳ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ ಇದೆ. ಹುಯಿಯಾನ್, ಎಕ್ಸ್‌ಪಿ-ಪೆನ್‌ನಂಥ ಕಂಪನಿಗಳ ಹಲವು ಮಾಡೆಲ್‌ಗಳಿಗೂ ಕರ್ನಲ್‌ನಲ್ಲಿ ಒಂದು ಡ್ರೈವರ್ ಇದೆ. ಅದನ್ನು ಬೆಳೆಸಿದ್ದು ಡಿಜಿಮೆಂಡ್ ಎಂಬ ಯೋಜನೆಯವರು. ಇದಲ್ಲದೆ ಲಿಬ್‌ವಾಕಮ್ ಅಂತ ಒಂದು ಪಟ್ಟಿ ಇದೆ. ಹೆಸರಲ್ಲಿ ವಾಕಮ್ ಇದ್ದರೂ ಬೇರೆ ಕಂಪನಿಗಳ ಟ್ಯಾಬ್ಲೆಟ್‌ಗಳೂ ಅದರಲ್ಲಿವೆ. ಯಾವ ಮಾಡೆಲ್ ಎಷ್ಟು ದೊಡ್ಡದು, ಎಷ್ಟು ಬಟನ್ ಇವೆ ಅಂತ ಡೆಸ್ಕ್‌ಟಾಪ್‌ಗೆ ಗೊತ್ತಾಗುವುದು ಈ ಪಟ್ಟಿಯಿಂದ. ನನ್ನ ಮಾಡೆಲ್ ಅದರಲ್ಲಿ ಇರಲಿಲ್ಲ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಟ್ಯಾಬ್ಲೆಟ್‌ನ ಸುಳಿವೇ ಇಲ್ಲ.

ಕಂಪನಿಯ ಡ್ರೈವರ್ ಹಾಕಿದೆ. ಒತ್ತಡವೇನೋ ಬಂತು, ಆದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗಿ ಎದ್ದರೆ ಮತ್ತೆ ಇಲ್ಲ. ಪ್ರತಿ ಸಲ ಕೇಬಲ್ ಕಿತ್ತು ಹಾಕಬೇಕಿತ್ತು. ಸಹಾಯ ಕೇಳಿ ಬರೆದರೆ ವಿಂಡೋಸ್‌ನ ಉತ್ತರ ಕಳಿಸಿದರು.

ಕೊನೆಗೆ ನೆಲೆ ನಿಂತಿದ್ದು ಓಪನ್‌ಟ್ಯಾಬ್ಲೆಟ್‌ಡ್ರೈವರ್‌ನಲ್ಲಿ. ಉಚಿತ, ಮುಕ್ತ ತಂತ್ರಾಂಶ. ಒಂದು ಟ್ಯಾಬ್ಲೆಟ್‌ಗೆ ಒಂದೇ ಡ್ರೈವರ್ ಇರಬೇಕು, ಹಾಗಾಗಿ ಕಂಪನಿಯದನ್ನು ಮೊದಲು ತೆಗೆದುಹಾಕಿ. ಎರಡೂ ಇದ್ದರೆ ಕರ್ಸರ್ ಎಲ್ಲೆಂದರಲ್ಲಿ ಹಾರುತ್ತದೆ. ಹಾಕಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ, ಕರ್ನಲ್‌ನಲ್ಲಿರುವ ಹಳೆಯ ಡ್ರೈವರ್ ಮಾಡ್ಯೂಲ್ ಜಾಗ ಬಿಡಬೇಕಲ್ವಾ.

ಮುಖ್ಯವಾದ ಮಾತು ಇಲ್ಲಿದೆ. ಇದರಲ್ಲಿ ಮೊದಲಿಗೆ ಇರುವುದು ‘ಆಬ್ಸಲ್ಯೂಟ್ ಮೋಡ್’. ಅದರಲ್ಲಿ ಕರ್ಸರ್ ಓಡಾಡುತ್ತದೆ, ಒತ್ತಡ ಬರುವುದಿಲ್ಲ. ಲಿನಕ್ಸ್‌ನಲ್ಲಿ ‘ಆರ್ಟಿಸ್ಟ್ ಮೋಡ್’ ಆರಿಸಿ, ಅಪ್ಲೈ ಒತ್ತಿ, ಸೇವ್ ಮಾಡಬೇಕು. ಆಮೇಲೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಬ್ಲೆಟ್ ಟೆಸ್ಟರ್’ ತೆರೆದು ಗೆರೆ ಎಳೆದು ನೋಡಿ. ಒತ್ತಿದ ಹಾಗೆಲ್ಲ ಶೇಕಡಾ ಏರುತ್ತಾ ಇಳಿಯುತ್ತಾ ಇದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ. ಆಗ ಬರೆದ ‘ಶ್ರೀ’ ನೋಡಿ ನನಗೆ ತುಂಬ ಖುಷಿಯಾಯಿತು, ಕೆಳಗಿನ ರ-ಒತ್ತಿನ ಬಾಲ ದಪ್ಪಗೆ ಶುರುವಾಗಿ ಕೂದಲೆಳೆಯಷ್ಟು ತೆಳ್ಳಗಾಗಿ ಮುಗಿದಿತ್ತು. ನಿಮ್ಮ ಕೈ ಹಗುರ ಇದ್ದರೆ ಕ್ರಿಟಾದ ಅದೇ ಸೆಟ್ಟಿಂಗ್ಸ್‌ನಲ್ಲಿರುವ ಒತ್ತಡದ ಕರ್ವ್ ಅನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಳ್ಳಿ, ಮಣಿಕಟ್ಟಿನ ನೋವು ತಪ್ಪುತ್ತದೆ.

ಇನ್ನೊಂದು ವಿಷಯ, ವೃತ್ತ. ಕೈ ದುಂಡಗೆ ಬರೆದರೂ ಪರದೆಯಲ್ಲಿ ಅಡ್ಡಕ್ಕೆ ಹಿಗ್ಗಿದ ಹಾಗೆ ಕಾಣುತ್ತದೆ. ಕಾರಣ ಸರಳ: ಮಾನಿಟರ್‌ನ ಅಗಲ-ಎತ್ತರದ ಅನುಪಾತ 16:9, ಟ್ಯಾಬ್ಲೆಟ್ ಅದಕ್ಕಿಂತ ಚೌಕದ ಕಡೆಗಿದೆ. ಓಪನ್‌ಟ್ಯಾಬ್ಲೆಟ್‌ಡ್ರೈವರ್‌ನ ಏರಿಯಾ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಲಾಕ್ ಆಸ್ಪೆಕ್ಟ್ ರೇಶಿಯೋ’ ಆರಿಸಿದರೆ ಸರಿಹೋಗುತ್ತದೆ. ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಜಾಗ ಬಳಕೆಗೆ ಸಿಗುವುದಿಲ್ಲ, ಪರವಾಗಿಲ್ಲ. ಎರಡು ಮಾನಿಟರ್ ಇರುವವರು ಒಂದನ್ನೇ ಆರಿಸುವುದೂ ಇಲ್ಲೇ. ಹಳೆಯ ಲೇಖನಗಳಲ್ಲಿ ಇದಕ್ಕೆ ಎಕ್ಸ್‌ಸೆಟ್‌ವಾಕಮ್ ಕಮಾಂಡ್ ಹೇಳಿರುತ್ತಾರೆ. ಅದು ಎಕ್ಸ್11 ಸೆಶನ್‌ಗೆ ಮಾತ್ರ (ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸದು ವೇಲ್ಯಾಂಡ್). ವೇಲ್ಯಾಂಡ್ ಇದ್ದರೆ ಸುಮ್ನೆ ಅದರ ಹಿಂದೆ ಬೀಳಬೇಡಿ.

ಚಿತ್ರ ತಿದ್ದುವ ತಂತ್ರಾಂಶ ಗಿಂಪ್ 2.10 ಬಳಸುವವರು ಎಡಿಟ್ ಮೆನುವಿನ ‘ಇನ್‌ಪುಟ್ ಡಿವೈಸಸ್’ನಲ್ಲಿ ಪೆನ್ನಿನ ಮೋಡ್ ಅನ್ನು ‘ಸ್ಕ್ರೀನ್’ ಮಾಡಬೇಕು. ಟ್ಯಾಬ್ಲೆಟ್ ಸಿಕ್ಕಿಸಿದ ಮೇಲೆಯೇ ಗಿಂಪ್ ತೆರೆಯಬೇಕು. 2025ರಲ್ಲಿ ಬಂದ 3.0ರಲ್ಲಿ ಈ ಕೊನೆಯ ತಾಪತ್ರಯ ಇಲ್ಲ.

ಈ ಎರಡು ವರ್ಷದಲ್ಲಿ ಕರ್ನಲ್ ಎಷ್ಟೋ ಸಲ ಅಪ್‌ಡೇಟ್ ಆಗಿದೆ, ಸೆಟ್ಟಿಂಗ್ ಕೆಟ್ಟಿಲ್ಲ. ಈ ಡ್ರೈವರ್ ಕರ್ನಲ್‌ನ ಹೊರಗೆ ಓಡುವುದರಿಂದ ಪ್ರತಿ ಸಲ ಮತ್ತೆ ಕಂಪೈಲ್ ಮಾಡುವ ಕೆಲಸ ಇಲ್ಲ, ಸಹಿ ಇಲ್ಲದ ಡ್ರೈವರ್‌ಗಳನ್ನು ಕರ್ನಲ್‌ಗೆ ಸೇರಿಸಲು ಬಿಡದ ಸೆಕ್ಯೂರ್ ಬೂಟ್‌ನ ಗೋಜೂ ಇಲ್ಲ. ನನ್ನ ಮಟ್ಟಿಗೆ ಇದು ಇದರ ದೊಡ್ಡ ಗುಣ.

ನಿಬ್ ಸವೆಯುತ್ತದೆ, ಡಬ್ಬಿಯಲ್ಲೇ ಬದಲಿ ನಿಬ್‌ಗಳಿವೆ. ನಾನು ಜಾಸ್ತಿ ಗೀಚುವ ನಡುಭಾಗ ನುಣುಪಾಗಿದೆ, ಮೊದಲಿನ ಕಾಗದದಂಥ ತಡೆ ಈಗಿಲ್ಲ. ಕೇಬಲ್‌ನ ತುದಿ ಸಡಿಲವಾಗಿ ಒಮ್ಮೆ ಬದಲಾಯಿಸಿದೆ.

ಕೊಳ್ಳುವ ಮೊದಲು ನಿಮ್ಮ ಮಾಡೆಲ್‌ನ ಹೆಸರು ಓಪನ್‌ಟ್ಯಾಬ್ಲೆಟ್‌ಡ್ರೈವರ್‌ನ ಪಟ್ಟಿಯಲ್ಲೋ ಲಿಬ್‌ವಾಕಮ್‌ನಲ್ಲೋ ಇದೆಯಾ ನೋಡಿಕೊಳ್ಳಿ. ಒಂದೇ ಹೆಸರಿನ ಹೊಸ ಆವೃತ್ತಿ ಒಳಗೆ ಬೇರೆಯೇ ಇರಬಹುದು. ಟ್ಯಾಬ್ಲೆಟ್ ಮಾಡುವ ಕಂಪನಿಗಳಿಗೆ ನನ್ನ ಕೋರಿಕೆ ಒಂದೇ: ಲಿಬ್‌ವಾಕಮ್‌ನಲ್ಲಿ ಒಂದು ಮಾಡೆಲ್ ಅಂದರೆ ಕೆಲವೇ ಸಾಲಿನ ಒಂದು ಫೈಲ್. ಹೊಸ ಮಾಡೆಲ್ ಬಿಟ್ಟಾಗ ಅಷ್ಟನ್ನು ನೀವೇ ಬರೆದು ಕಳಿಸಿ.