ಮಡಿಕೇರಿಯ ಕೋವಿ ಅಂಗಡಿ: ದುರಸ್ತಿಗಿಂತ ಮೊದಲು ನಂಬರ್

ಮಡಿಕೇರಿ ಪೇಟೆಯಲ್ಲಿ ಪರವಾನಗಿ ಪಡೆದು ಕೋವಿಗಳ ಮಾರಾಟವನ್ನೂ ದುರಸ್ತಿಯನ್ನೂ ನಡೆಸುತ್ತಿರುವ ಹಳೆಯ ಅಂಗಡಿಯೊಂದಕ್ಕೆ ನಮ್ಮ ಮನೆಯ ಜೋಡಿ ನಳಿಕೆಯ ಕೋವಿಯನ್ನು ಒಯ್ದಿದ್ದೆ. ಎಡ ನಳಿಕೆಯ ಕುದುರೆ (ಗುಂಡು ಸಿಡಿಸಲು ಬಡಿಯುವ ಭಾಗ) ಸರಿಯಾಗಿ ಕೂರುತ್ತಿರಲಿಲ್ಲ, ಹಿಡಿಯ ಮರ ಸೀಳಿತ್ತು. ಎರಡೂ ಅಚ್ಚುಕಟ್ಟಾಗಿ ಸರಿಯಾಗಿವೆ. ಮರದ ಬೆಸುಗೆಯನ್ನು ಬೆರಳಾಡಿಸಿ ಹುಡುಕಬೇಕು. ಆದರೆ ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಕೋವಿಯ ನಂಬರಿನ ವಿಷಯದಲ್ಲಿ ಅವರು ತೋರುವ ಕಟ್ಟುನಿಟ್ಟು.

ಕೋವಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಮಾಲೀಕರು ಕೆಟ್ಟುಹೋದ ಭಾಗದ ಬಗ್ಗೆ ಕೇಳಲಿಲ್ಲ. ಭೂತಗನ್ನಡಿ ಹಿಡಿದು, ಸವೆದುಹೋದ ಅಂಕಿಗಳನ್ನು ಒಂದೊಂದಾಗಿ ಓದಿ, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ನಮಗೆ ಕೊಟ್ಟಿರುವ ವಿನಾಯಿತಿ ಪತ್ರದಲ್ಲಿದ್ದ ಸಂಖ್ಯೆಗೆ ತಾಳೆ ನೋಡಿ, ತಯಾರಕರ ಹೆಸರಿನೊಂದಿಗೆ ಪುಸ್ತಕದಲ್ಲಿ ಬರೆದುಕೊಂಡ ಬಳಿಕವೇ ಕೋವಿಯನ್ನು ಬಿಚ್ಚಿದರು. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮನ್ನು ಓದಿದವರು ಹಾಗೆನ್ನಲಾರರು. ಕೋವಿಯ ಮೇಲಿನ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಅಳಿಸುವುದು, ತಿದ್ದುವುದು ಅಪರಾಧ. ಗುರುತಿಲ್ಲದ ಕೋವಿಯನ್ನು ಮಾರುವಂತಿಲ್ಲ, ಕೈ ಬದಲಾಯಿಸುವಂತೆಯೂ ಇಲ್ಲ. ಅದಕ್ಕಿಂತ ಗಂಭೀರವಾದುದೇನೆಂದರೆ, ಸಂಖ್ಯೆ ಅಳಿಸಿದ ಕೋವಿ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅವರದೇ ಆಗುತ್ತದೆ. ತುಕ್ಕು ತೆಗೆಯುವ ಭರದಲ್ಲಿ ನಳಿಕೆಯನ್ನು ಉಜ್ಜಿ ಅಂಕಿಗಳನ್ನೇ ಮಾಯ ಮಾಡುವ ಕೆಲಸಗಾರರು ಬೇರೆಡೆ ಇದ್ದಾರೆ. ಇಲ್ಲಿ ಆ ಜಾಗವನ್ನು ಮುಟ್ಟದೆ ಉಳಿದ ಭಾಗವನ್ನಷ್ಟೇ ಹೊಳಪುಗೊಳಿಸಿದ್ದಾರೆ.

ನಾನಿದ್ದಾಗಲೇ ಹಿರಿಯರೊಬ್ಬರು ಅಜ್ಜನ ಕಾಲದ, ನಳಿಕೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ತಂದರು. ಅದರ ಮೇಲೆ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಇಂತಹ ಕೋವಿಗಳಿಗೆ ಗುರುತು ಹಾಕಿಸಿಕೊಳ್ಳಲು ಒಂದು ವರ್ಷದ ಕಾಲಾವಕಾಶವಿತ್ತೆಂದೂ, ಈಗ ದುರಸ್ತಿಗಿಂತ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕೆಂದೂ ಮಾಲೀಕರು ತಾಳ್ಮೆಯಿಂದ ಹೇಳಿದರು. ಕೆಲಸವನ್ನು ಒಪ್ಪಿಕೊಂಡಿದ್ದರೆ ದುಡ್ಡು ಸಿಗುತ್ತಿತ್ತು. ಒಪ್ಪಲಿಲ್ಲ, ಅದು ನನಗೆ ಬಹಳ ಮೆಚ್ಚುಗೆಯಾಯಿತು.

ಆ ಹಿರಿಯರ ಜೊತೆಗಿದ್ದ ಮೊಮ್ಮಗ ಅಮೆರಿಕದಲ್ಲಿ ಜನರು ಹವ್ಯಾಸಕ್ಕಾಗಿ ಮನೆಯಲ್ಲೇ ಬಂದೂಕು ಜೋಡಿಸುವ ಸಂಗತಿಯನ್ನು ಎತ್ತಿ, ಕೊಡವರಿಗೆ ಹೇಗೂ ಪರವಾನಗಿ ಬೇಡವಲ್ಲ ಎಂದು ಕೇಳಿದ. "ವಿನಾಯಿತಿ ಇರುವುದು ಇಟ್ಟುಕೊಳ್ಳಲಿಕ್ಕೆ ಮಗಾ, ಮಾಡಲಿಕ್ಕೆ ಅಲ್ಲ" ಎಂದರು ಮಾಲೀಕರು. ಈ ವ್ಯತ್ಯಾಸ ನಮ್ಮ ಜಿಲ್ಲೆಯ ಪ್ರತಿ ಮನೆಗೂ ತಿಳಿದಿರಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಹೊಂದಿದವರಿಗೂ) ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದನ್ನು 5ನೇ ಕಲಮು ಎಲ್ಲರಿಗೂ ನಿಷೇಧಿಸುತ್ತದೆ, 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಹವ್ಯಾಸ ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಮಾಡಿಕೊಂಡದ್ದಕ್ಕೆ ಸಂಖ್ಯೆ ಹಾಕಿಸಬೇಕೆಂದು ಅಲ್ಲಿನ 1968ರ ಒಕ್ಕೂಟ ಕಾಯ್ದೆ ಕೇಳುವುದಿಲ್ಲವಾದರೂ, ಜೋಡಿಸಲು ಸಿದ್ಧವಾದ ಬಿಡಿಭಾಗಗಳ ಕಿಟ್‌ಗಳಿಗೆ ಸಂಖ್ಯೆ ಬೇಕೆಂಬ 2022ರ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಕೊರತೆಗಳೂ ಇವೆ. ದರಪಟ್ಟಿಯನ್ನು ಎಲ್ಲಿಯೂ ತೂಗುಹಾಕಿಲ್ಲ, ಹಾಗಾಗಿ ಕೋವಿಯನ್ನು ಬಿಡುವ ಮೊದಲೇ ಖರ್ಚನ್ನು ಮಾತನಾಡಿಕೊಳ್ಳಬೇಕು. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಹತ್ತಿರವಾದಾಗ ಕೆಲಸ ತಡವಾಗುತ್ತದೆ. ಆಯುಧ ಪೂಜೆಗೆ ಕೋವಿ ಮನೆಯಲ್ಲಿರಬೇಕೆನ್ನುವವರು ಆಗಸ್ಟ್ ಆರಂಭದಲ್ಲೇ ಕೊಡುವುದು ಒಳ್ಳೆಯದು. ರಸೀದಿಯನ್ನು ಕೈಬರಹದಲ್ಲಿ ಕೊಡುತ್ತಾರೆ, 1 ಮತ್ತು 7 ಒಂದೇ ರೀತಿ ಕಾಣುತ್ತವೆ. ಚುನಾವಣೆಯ ಸಮಯದಲ್ಲಿ ಕೋವಿಯನ್ನು ಪೊಲೀಸರ ಬಳಿ ಠೇವಣಿ ಇಡಬೇಕಾಗಿ ಬಂದರೆ ಆ ಒಂದು ಅಂಕಿಯೇ ತೊಡಕಾಗಬಹುದಾದ್ದರಿಂದ, ರಸೀದಿಯಲ್ಲಿ ಸಂಖ್ಯೆಯನ್ನು ಅಕ್ಷರಗಳಲ್ಲಿಯೂ ಬರೆಸಿಕೊಳ್ಳಿ. ಕೇಳಿದರೆ ಬೇಸರಿಸದೆ ಬರೆದುಕೊಡುತ್ತಾರೆ.